ಯಾರೂ ಕಾಯದ ಡಬ್ಬಿ

ಇಂದಿನ ಚಿಂತನೆ: ಎರಡನೇ ಶೀಲ

ಯಾರೂ ನೋಡದಿರುವಾಗ ನಾವು ಯಾಕೆ ಪ್ರಾಮಾಣಿಕರಾಗಿರಬೇಕು? ಮೇಲೊಬ್ಬ ನೋಡುತ್ತಿದ್ದಾನೆ ಎನ್ನುವ ಉತ್ತರ ನಮ್ಮದಲ್ಲ. ಹಾಗಾದರೆ ನಮ್ಮ ಉತ್ತರವೇನು?

ಜಿಯೋಕ್ಯಾಚಿಂಗ್ ಎಂಬ ಆಟವೊಂದಿದೆ. 2000ರ ಮೇ 2ರಂದು ಅಮೆರಿಕ ಸರ್ಕಾರ ಜನಸಾಮಾನ್ಯರಿಗೂ ಜಿಪಿಎಸ್ ನಿಖರವಾಗಿ ಸಿಗುವಂತೆ ಮಾಡಿತು. ಮರುದಿನವೇ ಅಲ್ಲಿನ ಆರೆಗಾನ್ ರಾಜ್ಯದಲ್ಲಿ ಒಬ್ಬರು ಬಕೆಟ್ಟಿನಲ್ಲಿ ಕೆಲವು ವಸ್ತು ಬಚ್ಚಿಟ್ಟು, ಆ ಜಾಗದ ಅಕ್ಷಾಂಶ, ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕಿದರು. ಆಟ ಶುರುವಾದದ್ದು ಹಾಗೆ. ಈಗ ಬೇರೆ ಬೇರೆ ದೇಶಗಳ ಪಾರ್ಕುಗಳಲ್ಲಿ ಇಂಥ ಡಬ್ಬಿಗಳಿವೆ. ಹುಡುಕಿದವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆಯಬೇಕು. ಒಂದು ವಸ್ತು ತೆಗೆದುಕೊಂಡರೆ ಅಷ್ಟೇ ಬೆಲೆಯ ಅಥವಾ ಹೆಚ್ಚು ಬೆಲೆಯ ಇನ್ನೊಂದನ್ನು ಇಡಬೇಕು. ಕಾವಲಿಲ್ಲ, ದಂಡವಿಲ್ಲ.

ಒಂದು ಭಾನುವಾರ ವಿಧಾನಸೌಧದ ಮುಂದೆ ಬಾಬಾಸಾಹೇಬರ ಪ್ರತಿಮೆಗೆ ವಂದಿಸಿ, ಮಕ್ಕಳನ್ನು ಕಬ್ಬನ್ ಪಾರ್ಕಿಗೆ ಕರೆದೊಯ್ದೆ. 1870ರಲ್ಲಿ ಆದ ಪಾರ್ಕು ಅದು. ಬಾಲಭವನದಲ್ಲಿ ಆಡಿದ ಮೇಲೆ, ಮೊಬೈಲ್ ತೋರಿಸಿದ ದಾರಿಯಲ್ಲಿ ಹೋಗಿ ಒಂದು ಡಬ್ಬಿ ಹುಡುಕಿದೆವು. ಅಣ್ಣನ ಮಗಳಿಗೆ ಒಳಗಿದ್ದ ಕೀ ಚೈನ್ ಇಷ್ಟವಾಯಿತು. "ಚಿಕ್ಕಪ್ಪ, ನಾವೇನೂ ಇಡದೆ ಹೋದ್ರೆ ಏನಾಗುತ್ತೆ?" ಎಂದಳು.

"ನಿನಗೇನೂ ಆಗಲ್ಲ ಕಂದಾ. ನಮ್ಮ ಹಿಂದೆ ಬರೋ ಮಗೂಗೆ ಖಾಲಿ ಡಬ್ಬಿ ಸಿಗುತ್ತೆ" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತಲೆಯ ಹೊಸ ಕ್ಲಿಪ್ ತೆಗೆದು ಒಳಗಿಟ್ಟಳು.

ಅದಿನ್ನಾದಾನ ಎಂದರೆ ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದು. ಆದರೆ ಆ ಡಬ್ಬಿಯಲ್ಲಿರುವುದು ಕೊಟ್ಟದ್ದೇ ಅಲ್ಲವೇ? ಹೌದು, ಆದರೆ ಒಬ್ಬರಿಗೆ ಕೊಟ್ಟದ್ದಲ್ಲ, ಎಲ್ಲರಿಗೂ ಕೊಟ್ಟದ್ದು. ಎಲ್ಲರಿಗೂ ಕೊಟ್ಟದ್ದನ್ನು ನನ್ನೊಬ್ಬನದು ಮಾಡಿಕೊಂಡರೆ ಅದೂ ಅದಿನ್ನಾದಾನವೇ.

ಇದು ನಮಗೆ ಹೊಸ ಪಾಠವಲ್ಲ. ಮಹಾಡಿನ ಚವದಾರ್ ಕೆರೆ ಕಾಗದದ ಮೇಲೆ ಎಲ್ಲರದೂ ಆಗಿತ್ತು. ಅಲ್ಲಿನ ಪುರಸಭೆಯೇ ಅದನ್ನು ಎಲ್ಲರಿಗೂ ತೆರೆದಿತ್ತು. ಆದರೂ ಸವರ್ಣೀಯರು ಅದನ್ನು ತಮ್ಮದೆಂದೇ ಹಿಡಿದಿಟ್ಟುಕೊಂಡಿದ್ದರು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ನೀರನ್ನು ಕುಡಿದದ್ದು ಬಾಯಾರಿಕೆಗಲ್ಲ. ಎಲ್ಲರದು ಎಂಬ ಮಾತು ನಿಜವಾಗಲಿ ಎಂದು. ಸರದಿ ಬಂದಾಗ ಖಾಲಿ ಕೈಯಲ್ಲಿ ವಾಪಸಾಗುವುದು ಹೇಗಿರುತ್ತದೆಂದು ನಮ್ಮ ಅಜ್ಜ ಅಜ್ಜಿಯರಿಗೆ ಗೊತ್ತಿತ್ತು. ಆ ನೆನಪು ನಮ್ಮನ್ನು ಮುಂದಿನವರ ಕಡೆ ನೋಡುವಂತೆ ಮಾಡಬೇಕು.

ಧರ್ಮದಲ್ಲಿ ದೇವರಿಗಿರುವ ಜಾಗ ಧಮ್ಮದಲ್ಲಿ ನೀತಿಗಿದೆ, ಮನುಷ್ಯ ಮನುಷ್ಯನನ್ನು ಪ್ರೀತಿಸಲೇಬೇಕಾದ ಅಗತ್ಯದಿಂದ ಆ ನೀತಿ ಹುಟ್ಟುತ್ತದೆ ಎಂದು ಬಾಬಾಸಾಹೇಬರು ತಿಳಿಸಿದ್ದಾರೆ. ನಮ್ಮನ್ನು ಯಾರು ನೋಡುತ್ತಿದ್ದಾರೆ ಎಂದು ಕೇಳುವ ಬದಲು, ನಮ್ಮ ನಂತರ ಯಾರು ಬರುತ್ತಾರೆ ಎಂದು ಕೇಳೋಣ.

ಇಂದು ನಲ್ಲಿ, ಬಸ್ಸು, ಗ್ರಂಥಾಲಯ, ಪಾರ್ಕು, ಎಲ್ಲಿಯೇ ಆಗಲಿ ಎಲ್ಲರದಾದ ಒಂದನ್ನು ಬಳಸುವಾಗ ಈ ಪ್ರಶ್ನೆ ಮನಸ್ಸಿನಲ್ಲಿರಲಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.