ಗೆದ್ದ ದಿನದ ಪ್ರಶ್ನೆ

ಜಪಾನ್ ದೇಶದಲ್ಲಿ ಪಾಚಿಂಕೋ ಎಂಬ ಯಂತ್ರದ ಆಟವೊಂದುಂಟು. ನೆಟ್ಟಗೆ ನಿಲ್ಲಿಸಿದ ಹಲಗೆಯ ತುಂಬ ಮೊಳೆಗಳು. ಆಡುವವನು ಹಣ ತೆತ್ತು ಉಕ್ಕಿನ ಸಣ್ಣ ಗುಂಡುಗಳನ್ನು ಪಡೆದು ಮೇಲಕ್ಕೆ ಚಿಮ್ಮಿಸುತ್ತಾನೆ. ಅವು ಮೊಳೆಗಳಿಗೆ ತಾಗುತ್ತ ಕೆಳಗುರುಳುತ್ತವೆ. ತಕ್ಕ ಕಂಡಿಯನ್ನು ಹೊಕ್ಕರೆ ಇನ್ನಷ್ಟು ಗುಂಡುಗಳು ದೊರೆಯುವುವು. ಇಲ್ಲವಾದರೆ ಅವೆಲ್ಲ ಯಂತ್ರದ ಪಾಲು. ಹಣದ ಜೂಜು ಅಲ್ಲಿಯ ಕಾನೂನಿಗೆ ಸಲ್ಲದು. ಆದುದರಿಂದ ಗೆದ್ದವನು ಗುಂಡುಗಳಿಗೆ ಬದಲಾಗಿ ಒಂದು ವಸ್ತುವನ್ನು ಪಡೆದು, ಹೊರಗಿನ ಬೇರೊಂದು ಕಿಟಕಿಯಲ್ಲಿ ಅದನ್ನಿತ್ತು ಹಣ ಪಡೆಯುತ್ತಾನೆ. 1945ರಲ್ಲಿ ಯುದ್ಧ ಮುಗಿದ ಮೇಲೆ, ಬಡತನದ ದಿನಗಳಲ್ಲಿಯೇ ಈ ಆಟವು ಆ ದೇಶದಲ್ಲಿ ಹಬ್ಬಿತೆಂಬುದು ವಿಚಾರಾರ್ಹವಾಗಿದೆ.

ಇದು ದೂರದ ದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿಯು ನಿಷಿದ್ಧವಾಯಿತು. ಬಳಿಕ ಕೈಯೊಳಗಿನ ಫೋನೇ ಜೂಜುಕಟ್ಟೆಯಾಯಿತು. ರಾಜ್ಯವು 2021ರಲ್ಲಿ ತಂದ ನಿಷೇಧವನ್ನು 2022ರಲ್ಲಿ ಉಚ್ಚ ನ್ಯಾಯಾಲಯವು ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಹಣವೊಡ್ಡುವ ಫೋನಿನ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲುದು. ಆಸೆಯ ಬಾಗಿಲನ್ನು ಮುಚ್ಚುವುದು ಮನೆಯವರ ಹೊಣೆ.

ಇಲ್ಲಿ ಆನಂದಪುರದ ಸೀಮೆಯ ಅಡಿಕೆ ಬೆಳೆಗಾರನು ಒಂದು ಸಂದೇಹವನ್ನೆತ್ತಬಹುದು: “ತೋಟವೂ ಜೂಜೇ ಅಲ್ಲವೆ? ಮಳೆ ಮಿತಿಮೀರಿದರೆ ಕೊಳೆರೋಗ. ಬೆಳೆ ಉಳಿದರೂ ಧಾರಣೆ ಯಾರ ಕೈಯಲ್ಲಿದೆ?” ಸಂದೇಹವು ನ್ಯಾಯವಾದುದೇ. ಆದರೆ ಕೃಷಿಕನು ತಾನಾಗಿ ಬಂದ ಅನಿಶ್ಚಯವನ್ನು ದುಡಿಮೆಯಿಂದ ಎದುರಿಸುತ್ತಾನೆ. ಮೈಲುತುತ್ತ ಸುಣ್ಣಗಳನ್ನು ಬೆರೆಸಿ ಗೊನೆಗಳಿಗೆ ಹೊಡೆಸುತ್ತಾನೆ. ಅವನು ಗೆದ್ದರೆ ಕೊಯ್ಯುವವನಿಗೂ ಸುಲಿಯುವವರಿಗೂ ಅನ್ನವುಂಟು. ಜೂಜುಗಾರನಾದರೋ ಅನಿಶ್ಚಯವನ್ನು ಹಣ ಕೊಟ್ಟು ಕೊಳ್ಳುತ್ತಾನೆ. ಅಲ್ಲಿ ಒಂದು ಕಾಳೂ ಹೊಸದಾಗಿ ಬೆಳೆಯದು. ಹಲವು ಮನೆಗಳ ಅನ್ನ ಒಬ್ಬನ ಚೀಲ ಸೇರುವುದು. ಅದಕ್ಕೂ ಮೊದಲು ಆಡಿಸುವವನು ತನ್ನ ಪಾಲನ್ನು ತೆಗೆದುಕೊಂಡಿರುವನು.

“ಗೆದ್ದುದರಲ್ಲಿ ಒಂದು ಪಾಲನ್ನು ದಾಸೋಹಕ್ಕೆ ಸಲ್ಲಿಸಿದರೆ ದೋಷ ಕಳೆಯದೆ?” ಎಂಬುದು ಇನ್ನೊಂದು ಪ್ರಶ್ನೆ. ಇದಕ್ಕೆ ಉತ್ತರವನ್ನು ಆಯ್ದಕ್ಕಿ ಲಕ್ಕಮ್ಮನ ಮನೆಯಲ್ಲಿ ಹುಡುಕಬೇಕು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಅದು ಕದ್ದುದಲ್ಲ, ಯಾರನ್ನೂ ವಂಚಿಸಿ ತಂದುದಲ್ಲ, ಜಂಗಮಾರ್ಚನೆಗೆ ಸಲ್ಲುವಂಥದೇ. ಆದರೂ ಆ ಮಹಾಸತಿಯು ಅದನ್ನು ಒಪ್ಪದೆ, ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಗಂಡನಿಗೆ ಹೇಳಿದಳು. ಯಾರಿಗೂ ನಷ್ಟವಿಲ್ಲದ ಅಕ್ಕಿಯೇ ಆ ಮನೆಗೆ ಸಲ್ಲದಾಗಿದ್ದರೆ, ಮತ್ತೊಂದು ಮನೆಯ ಒಲೆಯನ್ನು ಆರಿಸಿ ಬಂದ ಹಣವು ಅರ್ಪಿತವಾಗುವ ಬಗೆ ಹೇಗೆ?

ಲಕ್ಕಮ್ಮ ಪ್ರಶ್ನಿಸಿದ್ದು ಗಂಡ ಬರಿಗೈಯಲ್ಲಿ ಬಂದ ದಿನವಲ್ಲ, ತುಂಬಿದ ಕೈಯಲ್ಲಿ ಬಂದ ದಿನ. ಲೋಕದ ಮನೆಗಳಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಮಗ ಸೋತಾಗ ಬೈಗುಳ, ಸಾಲ, ಕಣ್ಣೀರು. ಮೊದಲ ಸಲ ಗೆದ್ದು ಸಾವಿರ ರೂಪಾಯಿ ತಂದಾಗ ಮಾತ್ರ ಎಲ್ಲರಿಗೂ ನಗೆ. ಆ ನಗೆಯೇ ಮುಂದಿನ ಸೋಲಿಗೆ ಹಾಕಿದ ಬುನಾದಿ. ಆದುದರಿಂದ ಸದ್ಭಕ್ತರಾದ ಗೃಹಸ್ಥರು ಗೆದ್ದ ದಿನವೇ ಕೇಳತಕ್ಕದ್ದು: “ಅಪ್ಪಾ, ಇದು ಯಾವ ಕಾಯಕದಿಂದ ಬಂದಿತು?” ಈ ಪ್ರಶ್ನೆಯನ್ನು ಅಂಜದೆ ಕೇಳಬಲ್ಲ ತಾಯಿಯಾಗಲಿ ಮಡದಿಯಾಗಲಿ ಇರುವ ಮನೆಯೇ ಲಕ್ಕಮ್ಮನ ಮನೆ.