ಯಾರ ಮಗುವೆಂದು ಕೇಳದಿರುವುದೇ ದಾಸೋಹ

ದೇವರ ಹೆಸರಿನಲ್ಲಿ ಕೂಸಿನ ಬಾಳನ್ನು ಕಟ್ಟಿಹಾಕುವುದು ಭಕ್ತಿಯಲ್ಲ. ಚಿಕ್ಕೋಡಿ ಸೀಮೆಯ ಕಬ್ಬೂರಿನ ಸೀತವ್ವ ಜೋಡಟ್ಟಿಯವರಿಗೆ ಏಳನೆಯ ವಯಸ್ಸಿನಲ್ಲಿಯೇ ಮುತ್ತು ಕಟ್ಟಿ ದೇವದಾಸಿಯನ್ನಾಗಿಸಿದರು. 1982ರ ಕಾಯಿದೆಯು ಈ ಪದ್ಧತಿಯನ್ನು ನಿಷೇಧಿಸಿತು. ಆದರೆ ಕಾಯಿದೆಯು ತಾನಾಗಿ ಮನೆಬಾಗಿಲಿಗೆ ಬರಲಾರದು. ಅದನ್ನು ಹೊತ್ತು ತಂದವರು ಆ ನೋವನ್ನುಂಡ ತಾಯಂದಿರೇ. 1997ರಲ್ಲಿ ಮಾಜಿ ದೇವದಾಸಿಯರು ಕೂಡಿ ಕಟ್ಟಿದ ಘಟಪ್ರಭೆಯ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯಲ್ಲಿ ಸೀತವ್ವನವರು ದುಡಿದು ಅದರ ಮುಖ್ಯಸ್ಥೆಯಾದರು. ತಾಯಂದಿರಿಗೆ ಸ್ವಂತ ಕಾಯಕ, ಮಕ್ಕಳಿಗೆ ವಿದ್ಯೆ, ಇದೇ ಅವರು ಹಿಡಿದ ಹಾದಿ. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ತಾನುಂಡ ನೋವು ಮತ್ತೊಂದು ಕೂಸಿಗೆ ತಟ್ಟದಂತೆ ಅಡ್ಡ ನಿಲ್ಲುವುದೇ ದಯೆ. ಗೃಹಸ್ಥರೇ, ನಿಮ್ಮ ಊರಿನಲ್ಲಿ ಅಂಥ ತಾಯಿಯ ಮಗುವಿದ್ದರೆ ತಂದೆಯ ಹೆಸರನ್ನು ಕೇಳದೆ ಪಾಟಿ-ಪುಸ್ತಕ ಕೊಡಿಸಿರಿ. ಲಿಂಗಕ್ಕೆ ಸಲ್ಲುವ ಪೂಜೆ ಅದೇ.