ಪುನರ್ನಿರ್ಮಾಣ ಮತ್ತು ಪ್ರಾಯಶ್ಚಿತ್ತ

ಸುಟ್ಟುಹೋದ ಕಟ್ಟಡವನ್ನು ಮತ್ತೆ ಕಟ್ಟಬಹುದು. ಆದರೆ ಕಟ್ಟಿದ ಮಾತ್ರಕ್ಕೆ ಸುಟ್ಟ ತಪ್ಪು ಅಳಿದುಹೋಗುವುದೇ? ವಾಚಕ ಬಂಧುಗಳೇ, ಶ್ರೀಲಂಕೆಯ ಜಾಫ್ನಾ ನಗರದ ಸಾರ್ವಜನಿಕ ಗ್ರಂಥಾಲಯದ ವೃತ್ತಾಂತವು ನಮ್ಮ ಮುಂದಿಡುವ ಪ್ರಶ್ನೆ ಇದು.

ಆ ಗ್ರಂಥಾಲಯವು ಯಾವ ಅರಸನ ಕೊಡುಗೆಯೂ ಆಗಿರಲಿಲ್ಲ. 1933ರಲ್ಲಿ ಕೆ. ಎಂ. ಚೆಲ್ಲಪ್ಪ ಎಂಬ ವಿದ್ಯಾಪ್ರೇಮಿಯು ತಮ್ಮ ಮನೆಯಲ್ಲಿ ತೊಡಗಿದ ಪುಸ್ತಕ ಸೇವೆಯೇ ಅದರ ಬೀಜ. ಬೀಜ ಮೊಳೆತು ಮರವಾಗುವಲ್ಲಿ ಊರವರೆಲ್ಲ ಕೈಗೂಡಿಸಿದರು. ಮುಂದೆ 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ ಎಸ್. ಆರ್. ರಂಗನಾಥನ್ ಅವರು ಅದಕ್ಕೆ ಸಲಹೆಯಿತ್ತರು. ಮದರಾಸಿನ ವಾಸ್ತುಶಿಲ್ಪಿ ನರಸಿಂಹನ್ ಅವರು ದ್ರಾವಿಡ ಶೈಲಿಯಲ್ಲಿ ಕಟ್ಟಡವನ್ನು ರೂಪಿಸಿದರು. 1959ರಲ್ಲಿ ಅದರ ಬಾಗಿಲು ತೆರೆಯಿತು. ಜ್ಞಾನದಾಸೋಹವೆಂದರೆ ಇದಲ್ಲದೆ ಮತ್ತೇನು?

1981ರ ಮೇ ತಿಂಗಳ ಕೊನೆಯಲ್ಲಿ ಚುನಾವಣಾ ಸಭೆಯೊಂದರ ಬಳಿ ಪೊಲೀಸರ ಹತ್ಯೆಯಾಯಿತು. ಅದರ ಬೆನ್ನಿಗೇ ನಗರದಲ್ಲಿ ಹಿಂಸೆ ಭುಗಿಲೆದ್ದಿತು. ಕಾಯಬೇಕಾದ ಪೊಲೀಸರೂ ಸೇರಿದ್ದ ಗುಂಪು ಗ್ರಂಥಾಲಯಕ್ಕೆ ಬೆಂಕಿಯಿಟ್ಟಿತು. ಸುಮಾರು 97,000 ಗ್ರಂಥಗಳು ಬೂದಿಯಾದವು. ಅವುಗಳೊಡನೆ ಅಮೂಲ್ಯವಾದ ಓಲೆಗರಿಗಳೂ ಉರಿದುಹೋದವು. ಅಚ್ಚಾದ ಪುಸ್ತಕದ ಬೇರೊಂದು ಪ್ರತಿ ಎಲ್ಲಿಯಾದರೂ ದೊರೆಯಬಹುದು. ಪ್ರತಿಯಿಲ್ಲದ ಓಲೆಗರಿಯು ಒಮ್ಮೆ ಉರಿದರೆ, ಅದನ್ನು ಬರೆದ ಕೈಯೂ ಆಡಿದ ನುಡಿಯೂ ಎರಡನೆಯ ಸಲ ಸತ್ತಂತೆ.

ಇದರ ಮುಂದೇನು? ಕರಿದಾದ ಗೋಡೆಗಳನ್ನು ಹಾಗೆಯೇ ಸ್ಮಾರಕವಾಗಿ ಉಳಿಸಬೇಕೆಂದು ಕೆಲವರೆಂದರು. ಮಕ್ಕಳಿಗೆ ಓದಲು ಮನೆ ಬೇಕು, ಆದುದರಿಂದ ಮತ್ತೆ ಕಟ್ಟಬೇಕೆಂದು ಕೆಲವರೆಂದರು. ಯುದ್ಧದ ವರ್ಷಗಳಲ್ಲಿ ಆ ಕಟ್ಟಡಕ್ಕೆ ಇನ್ನಷ್ಟು ಪೆಟ್ಟು ಬಿದ್ದಿತು. 1998ರಲ್ಲಿ ಸರಕಾರವು, ಜನರಿಂದ ಇಟ್ಟಿಗೆಯನ್ನೂ ಪುಸ್ತಕವನ್ನೂ ಬೇಡುವ ಆಂದೋಲನದೊಡನೆ, ಪುನರ್ನಿರ್ಮಾಣಕ್ಕೆ ಕೈಹಾಕಿತು. ಕಟ್ಟಡವೇನೋ ಹಳೆಯ ರೂಪದಲ್ಲಿಯೇ ಬೆಳ್ಳಗೆ ಎದ್ದು ನಿಂತಿತು. ಆದರೆ 2003ರಲ್ಲಿ ನಿಶ್ಚಯವಾಗಿದ್ದ ಉದ್ಘಾಟನೆಯು ವಿರೋಧದಿಂದ ನಿಂತುಹೋಯಿತು. ಬಾಗಿಲು ತೆರೆದದ್ದು ಆ ಬಳಿಕ.

ಇಲ್ಲಿ ನಾವು ಸ್ವಲ್ಪ ನಿಂತು ವಿಚಾರಿಸಬೇಕು. ನೊಂದವರು ಹೊಸ ಗೋಡೆಯನ್ನು ಕಂಡು ಏಕೆ ಹಿಗ್ಗಲಿಲ್ಲ? ಸುಣ್ಣವು ಗೋಡೆಯ ಮಸಿಯನ್ನು ಮುಚ್ಚಬಲ್ಲದು, ಮನಸ್ಸಿನ ಮಸಿಯನ್ನು ಮುಚ್ಚಲಾರದು. 'ಕಟ್ಟಿಕೊಟ್ಟೆವಲ್ಲ, ಇನ್ನು ಮರೆಯಿರಿ' ಎಂಬ ಧ್ವನಿ ಕೇಳಿಬಂದರೆ ದಾನವೂ ಗಾಯವಾಗುತ್ತದೆ. 2016ರಲ್ಲಿ, ಅಂದರೆ ಮೂವತ್ತೈದು ವರ್ಷಗಳ ಮೇಲೆ, ಆ ದೇಶದ ಪ್ರಧಾನಿ ರಾನಿಲ್ ವಿಕ್ರಮಸಿಂಘೆಯವರು ಸಂಸತ್ತಿನಲ್ಲಿ ಕ್ಷಮೆ ಕೋರಿದರು. ಆ ಒಂದು ಮಾತಿಗೆ ಇಟ್ಟಿಗೆಯ ಖರ್ಚಿರಲಿಲ್ಲ. ಆದರೂ ಅದೇ ಎಲ್ಲಕ್ಕಿಂತ ತಡವಾಗಿ ಬಂದಿತು. ತಪ್ಪೊಪ್ಪಿಗೆಯು ಹಣಕ್ಕಿಂತ ದುಬಾರಿಯೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಹಾಗೆಂದು ಕಟ್ಟುವ ಕೆಲಸವು ಕಿರಿದಲ್ಲ. ಕ್ಷಮೆಯ ಮಾತು ಬರುವ ತನಕ ಬಾಗಿಲು ಮುಚ್ಚಿಯೇ ಇದ್ದಿದ್ದರೆ, ಆ ಊರಿನ ಒಂದು ತಲೆಮಾರಿನ ಮಕ್ಕಳು ಆ ಮನೆಯಿಲ್ಲದೆಯೇ ಬೆಳೆಯುತ್ತಿದ್ದರು. ನೋವನ್ನು ನೆನೆಯುವುದು ಧರ್ಮ. ಬೂದಿಯನ್ನೇ ಮನೆಯಾಗಿಸಿಕೊಳ್ಳುವುದು ಧರ್ಮವಲ್ಲ. ಕಟ್ಟುವವನು ಸತ್ಯವನ್ನು ನುಡಿಯಬೇಕು, ನೊಂದವನು ಬಾಗಿಲನ್ನು ತೆರೆಯಬೇಕು. ಇವೆರಡೂ ಕೂಡಿದಾಗಲೇ ಪುನರ್ನಿರ್ಮಾಣವು ಪೂರ್ಣವಾಗುವುದು.

ಬಂಧುಗಳೇ, ಇದು ದೂರದ ದ್ವೀಪದ ಮಾತೆಂದು ಬದಿಗಿಡಬೇಡಿ. ಒಡಹುಟ್ಟಿದವನ ಮನಸ್ಸನ್ನು ಒಂದು ಬಿರುನುಡಿಯಿಂದ ಸುಟ್ಟು, ಹಬ್ಬಕ್ಕೊಂದು ಹೊಸ ಬಟ್ಟೆ ಕೊಟ್ಟು ಸರಿಹೋಯಿತೆಂದು ನಾವು ತಿಳಿದದ್ದಿಲ್ಲವೇ? ಬಟ್ಟೆಯನ್ನು ಕೊಡಿ, ಬೇಡವೆನ್ನುವುದಿಲ್ಲ. ಆದರೆ ಅದಕ್ಕೆ ಮೊದಲು, 'ತಪ್ಪು ನನ್ನದು' ಎಂಬ ಮಾತನ್ನು ಕೊಡಿ.